ಒಂದೇ ಮುಖ, ಹಲವು ಚಿಹ್ನೆ

ಹೆಣ್ಣು ಕೊಡುವ ಮೊದಲು ನಮ್ಮ ಮಲೆನಾಡಿನ ಮನೆಗಳಲ್ಲಿ ಎಂಥ ವಿಚಾರಣೆ ನಡೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಹುಡುಗನ ಓದೆಷ್ಟು, ತೋಟವೆಷ್ಟು, ಸೊಸೈಟಿಯಲ್ಲಿ ಸಾಲವಿದೆಯೆ, ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿದೆಯೆ, ಹಿಂದೆ ಬೇರೆ ಕಡೆ ಮಾತುಕತೆಯಾಗಿ ಮುರಿದದ್ದುಂಟೆ, ಮುರಿದಿದ್ದರೆ ಏಕೆ? ಒಂದನ್ನೂ ಬಿಡುವುದಿಲ್ಲ. ಗಂಡಸರು ಜಾತಕ ಹಿಡಿದು ಜಗುಲಿಯಲ್ಲಿ ಕೂತರೆ, ಈ ಸುದ್ದಿಯನ್ನೆಲ್ಲ ಕಲೆಹಾಕುವವರು ಒಳಗಿನ ಹೆಂಗಸರೇ. ಇಷ್ಟು ಜಾಣೆಯರಾದ ನಾವು ಓಟಿನ ದಿನ ಮಾತ್ರ, ಈ ಮನುಷ್ಯ ನಿನ್ನೆ ಎಲ್ಲಿದ್ದ, ಇವತ್ತು ಇಲ್ಲಿಗೇಕೆ ಬಂದ ಎಂದು ಕೇಳದೆ, "ಮನೆಯವರು ಹೇಳಿದ ಕಡೆ" ಹಾಕಿ ಬಂದು ಒಲೆ ಹೊತ್ತಿಸುತ್ತೇವೆ.

ನನಗೆ ಈ ರೂಢಿ ಬಿಡಿಸಿದವರು ಎಸ್. ಬಂಗಾರಪ್ಪನವರು. ಇದು ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ನಾನು ಅವರೊಡನೆ ಒಂದು ಮಾತನ್ನೂ ಆಡಿದವಳಲ್ಲ. ಆದರೆ ಒಂದೇ ಮುಖ ಒಂದೇ ಕ್ಷೇತ್ರದಲ್ಲಿ ಇಷ್ಟು ಬೇರೆ ಬೇರೆ ಚಿಹ್ನೆಗಳ ಕೆಳಗೆ ಓಟು ಕೇಳಿದ್ದನ್ನು ಶಿವಮೊಗ್ಗ ಲೋಕಸಭಾ ಕ್ಷೇತ್ರದ ನಾವು ಕಂಡಷ್ಟು ಬೇರೆಯವರು ಕಂಡಿರಲಾರರು. ಹಾಗೆ ಕಂಡಮೇಲೆ, ಚಿಹ್ನೆಯನ್ನು ಬಿಟ್ಟು ಮನುಷ್ಯನನ್ನು ಓದಲೇಬೇಕಾಯಿತು.

ನನ್ನ ತವರು ಹೊಸನಗರ ತಾಲೂಕು. ಹೈಸ್ಕೂಲು ಓದಿದ್ದು ತೀರ್ಥಹಳ್ಳಿಯಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಮದುವೆಯಾಗಿ ಬಂದದ್ದು ಸಾಗರಕ್ಕೆ. ಮೂರೂ ಊರು ಒಂದೇ ಲೋಕಸಭಾ ಕ್ಷೇತ್ರದೊಳಗೆ. ಬಸ್ಸಿನಲ್ಲಿ ಹೋದರೆ ಒಂದೇ ದಿನದಲ್ಲಿ ಮೂರು ಮನೆಯ ಊಟವನ್ನೂ ಉಣ್ಣಬಹುದು. ಆದರೆ ರಾಜಕಾರಣದ ಮಾತು ಬಂದರೆ ಮೂರು ಮನೆಯ ರುಚಿಯೂ ಬೇರೆ.

ತವರಿನಲ್ಲಿ ಅಪ್ಪಯ್ಯ ಮುಳುಗಡೆಯವರು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿ ಹೋದವಲ್ಲ, ಅದರಲ್ಲಿ ನಮ್ಮ ಹಳೆಯ ಮನೆಯೂ ಒಂದು. ನಾಡಿಗೆಲ್ಲ ದೀಪ ಬಂತು, ನಮ್ಮ ಊರಿನ ದೀಪ ಆರಿತು ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಬೇರೆ ಕಡೆ ನೆಲ ತೋರಿಸಿದರು, ಅಪ್ಪಯ್ಯ ಗದ್ದೆ ಮಾಡಿದರು. ಆ ನೆಲದ ಕಾಗದ ಮಾತ್ರ ಸರಿಯಾಗಿ ಕೈಗೆ ಬರಲಿಲ್ಲ. ಹಾಗಾಗಿ ಯಾರೇ ಓಟು ಕೇಳಲು ಬಂದರೂ ಅಪ್ಪಯ್ಯನ ಪ್ರಶ್ನೆ ಒಂದೇ: "ಮುಳುಗಡೆಯವರ ಹಕ್ಕುಪತ್ರದ ವಿಚಾರ ಎಂತ ಮಾಡ್ತೀರಿ?" ಬಂದವರು ಕಾಫಿ ಕುಡಿದು, "ಆಗ್ತದೆ ಭಟ್ರೇ" ಎಂದು ಹೋಗುತ್ತಿದ್ದರು.

ತೀರ್ಥಹಳ್ಳಿಯ ಚಿಕ್ಕಮ್ಮನ ಅಳತೆಗೋಲೇ ಬೇರೆ. ಆಕೆಗೆ ರಾಜಕಾರಣಿ ಎಂದರೆ ಶಾಂತವೇರಿ ಗೋಪಾಲಗೌಡರು. 1923ರಲ್ಲಿ ಆರಗದ ಹತ್ತಿರದ ಶಾಂತವೇರಿಯಲ್ಲಿ ಹುಟ್ಟಿ, 1952ರಲ್ಲಿ ಸಾಗರ-ಹೊಸನಗರದಿಂದ, ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದ ಸಮಾಜವಾದಿ. ಜನರಿಂದ ಓಟಿನ ಜೊತೆಗೇ ಒಂದು ನೋಟನ್ನೂ ಕೇಳಿ ಚುನಾವಣೆ ನಡೆಸಿದವರೆಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. 1972ರ ಜೂನಿನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಆಸ್ತಿ ಮಾಡಲಿಲ್ಲ, ಮಂತ್ರಿಯಾಗಲಿಲ್ಲ, ಸಮಾಜವಾದ ಬಿಡಲಿಲ್ಲ. "ಅವರನ್ನು ಕಂಡ ಕಣ್ಣಿಗೆ ಇವರೆಲ್ಲ ಎಲ್ಲಿ ಹಿಡಿಸ್ತಾರೆ ಮಗಾ" ಎಂದು ಚಿಕ್ಕಮ್ಮ ಬಂಗಾರಪ್ಪನವರ ಹೆಸರೆತ್ತಿದಾಗೆಲ್ಲ ಮುಖ ತಿರುಗಿಸುತ್ತಿದ್ದಳು.

ಸಾಗರದ ಮಾವನವರದ್ದು ಗಾಯದ ಮಾತು. ಗೇಣಿ ಕಾಯ್ದೆಯಲ್ಲಿ ಮನೆಯ ಗದ್ದೆಯ ದೊಡ್ಡ ಪಾಲು ಉಳುವವರ ಹೆಸರಿಗೆ ಹೋಗಿತ್ತು. ತೋಟ ಉಳಿಯಿತು, ಊಟಕ್ಕೆ ತೊಂದರೆಯಾಗಲಿಲ್ಲ, ಆದರೆ ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. "ಇದೆಲ್ಲ ಆ ಬಂಗಾರಪ್ಪನ ಕಡೆಯವರ ಕೆಲಸ" ಎಂಬುದು ಅವರ ಖಚಿತ ಅಭಿಪ್ರಾಯ.

ಮೂರು ಮನೆಯ ಮೂರು ಮಾತನ್ನೂ ಕೇಳಿಕೊಂಡು ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. 1996ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಮಹಿಳಾ ಮಂಡಲಿಯ ಅರಿಶಿನ ಕುಂಕುಮದ ದಿನ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಬಂಗಾರಪ್ಪನವರು ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾಗಿದ್ದರಲ್ಲ, ಈಗ ಕಾಂಗ್ರೆಸ್ಸಿನ ವಿರುದ್ಧವೇ ನಿಂತಿದ್ದಾರಲ್ಲ, ಅವರು ನಿಜವಾಗಿ ಯಾವ ಪಕ್ಷ?" ಇಪ್ಪತ್ತು ಜನ ಇದ್ದೆವು. ಅಕ್ಕಿಯ ದರ, ಅಡಿಕೆಯ ದರ, ಯಾರ ಮಗಳಿಗೆ ಎಷ್ಟು ತಿಂಗಳು, ಎಲ್ಲ ಬಲ್ಲವರು. ಈ ಪ್ರಶ್ನೆಗೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಮನೆಗೆ ಬಂದವಳು ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹೊಲಿದು ಒಂದು ಪುಸ್ತಕ ಮಾಡಿಕೊಂಡೆ. ಎಡಗಡೆ, ಎಲ್ಲಿದ್ದರು. ಬಲಗಡೆ, ಏನು ಮಾಡಿದರು. ಗ್ರಂಥಾಲಯದ ಹಳೆಯ ಪತ್ರಿಕೆಗಳು, ದಿನಸಿ ಕಟ್ಟಿಕೊಂಡು ಬಂದ ಕಾಗದ, ಹಿರಿಯರ ಮಾತು, ಎಲ್ಲಿ ಸಿಕ್ಕಿತೋ ಅಲ್ಲಿಂದ.

ಎಡಗಡೆಯ ಪುಟ ಬೇಗ ತುಂಬಿತು. ಹುಟ್ಟಿದ್ದು 1933ರಲ್ಲಿ, ಸೊರಬ ತಾಲೂಕಿನ ಕುಬಟೂರಿನ ದೀವರ ಕುಟುಂಬದಲ್ಲಿ. ಓದಿದ್ದು ಕಾನೂನು. 1967ರಲ್ಲಿ ಸಮಾಜವಾದಿಯಾಗಿ ಸೊರಬದಿಂದ ಮೊದಲ ಗೆಲುವು, ಅಲ್ಲಿಂದ ಮುಂದೆ 1994ರವರೆಗೆ ಅದೇ ಸೊರಬದಿಂದ ಒಟ್ಟು ಏಳು ಸಲ. ನಡುವೆ ಕಾಂಗ್ರೆಸ್ ಸೇರಿ ಮಂತ್ರಿಯಾದದ್ದು. ದೇವರಾಜ ಅರಸರ ಕ್ರಾಂತಿರಂಗಕ್ಕೆ ಹೋದದ್ದು, 1982ರಲ್ಲಿ ಅರಸರು ತೀರಿಕೊಂಡ ಮೇಲೆ ಅದನ್ನು ನಡೆಸಿದ್ದು, ಜನತಾ ಪಕ್ಷದ ಜೊತೆಗೂಡಿ 1983ರಲ್ಲಿ ಕಾಂಗ್ರೆಸ್ಸನ್ನು ಇಳಿಸಿದ್ದು. ಆಗ ಮುಖ್ಯಮಂತ್ರಿ ಪಟ್ಟ ರಾಮಕೃಷ್ಣ ಹೆಗಡೆಯವರಿಗೆ ಹೋಯಿತು, ಬಂಗಾರಪ್ಪನವರು ಮುನಿಸಿಕೊಂಡು ಮತ್ತೆ ಕಾಂಗ್ರೆಸ್ಸಿಗೆ ಬಂದರು. 1990ರ ಅಕ್ಟೋಬರಿನಿಂದ 1992ರ ನವೆಂಬರಿನವರೆಗೆ ಮುಖ್ಯಮಂತ್ರಿ. ಇಳಿಸಿದ ಮೇಲೆ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿ 1994ರಲ್ಲಿ ಹತ್ತು ಶಾಸಕರನ್ನು ಗೆಲ್ಲಿಸಿಕೊಂಡರು. 1996ರಲ್ಲಿ ಆ ಪಕ್ಷದಿಂದಲೇ ನಮ್ಮ ಲೋಕಸಭಾ ಸದಸ್ಯರಾದರು.

ಇದನ್ನು ಬರೆಯುತ್ತ ಹೋದಂತೆ ಮನೆಯ ಮಾತುಗಳು ಒಂದೊಂದಾಗಿ ಸಡಿಲವಾದವು. ಮಾವನವರ ಗದ್ದೆ ತೆಗೆದ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರ ಕಾಂಗ್ರೆಸ್ ಸರ್ಕಾರದಿಂದ. ಬಂಗಾರಪ್ಪನವರು ಆಗ ಸರ್ಕಾರದಲ್ಲೇ ಇರಲಿಲ್ಲ. ಮಾವನವರು ಆ ಕಾಂಗ್ರೆಸ್ಸಿಗೆ ಎಷ್ಟೋ ಸಲ ಓಟು ಹಾಕಿದ್ದರು. ಆದರೆ ಆ ಕಾಯ್ದೆಯ ಬೇರು ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿತ್ತು. 1951ರ ಏಪ್ರಿಲಿನಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗೆ ಇಳಿದು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಜಗಳ ಅದು. ಒಡೆಯರ ಕೊಳಗ ದೊಡ್ಡದು. ಆ ಜಗಳಕ್ಕೆ ಸಮಾಜವಾದಿಗಳು ಬೆನ್ನಾದರು, ರಾಮಮನೋಹರ ಲೋಹಿಯಾ ಸಾಗರಕ್ಕೇ ಬಂದು ಬಂಧನಕ್ಕೊಳಗಾದರು. ಬಂಗಾರಪ್ಪನವರು ರಾಜಕೀಯಕ್ಕೆ ಕಾಲಿಟ್ಟದ್ದು ಆ ಗಾಳಿಯಲ್ಲಿ.

ಚಿಕ್ಕಮ್ಮನಿಗೂ ಪುಸ್ತಕ ತೋರಿಸಿದೆ. ಗೋಪಾಲಗೌಡರು ಹೋದ ಮೇಲೆ ಆ ಗರಡಿಯ ಹುಡುಗರೆಲ್ಲ ಒಂದೊಂದು ಮನೆ ಹಿಡಿದರು. ಸಾಗರದಿಂದ 1972ರಲ್ಲಿ ಸಮಾಜವಾದಿಯಾಗಿ ಗೆದ್ದ ಕಾಗೋಡು ತಿಮ್ಮಪ್ಪನವರು ಕಾಂಗ್ರೆಸ್ಸಿಗೆ ಹೋಗಿ ಅಲ್ಲೇ ನೆಲೆಯೂರಿದರು. ಜೆ.ಎಚ್. ಪಟೇಲರು ಜನತಾ ಪರಿವಾರದಲ್ಲಿದ್ದು 1996ರಲ್ಲಿ ಮುಖ್ಯಮಂತ್ರಿಯಾದರು. ಬಂಗಾರಪ್ಪನವರು ಎಲ್ಲ ಮನೆಗೂ ಹೋಗಿ ಬಂದರು. ತೀರ್ಥಹಳ್ಳಿಯ ಕಡೆಯೇ ನೋಡಿ, 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟ ಡಿ.ಬಿ. ಚಂದ್ರೇಗೌಡರನ್ನು 1983ರಲ್ಲಿ ತೀರ್ಥಹಳ್ಳಿಯವರು ಜನತಾ ಪಕ್ಷದಿಂದ ಗೆಲ್ಲಿಸಿದ್ದರು. ಚಿಕ್ಕಮ್ಮ ಎಲ್ಲ ಓದಿ, ಕನ್ನಡಕ ತೆಗೆದು, "ಹಾಗಾದರೆ ಯಾರೂ ಇದ್ದಲ್ಲಿ ಇಲ್ಲ ಅನ್ನು" ಎಂದಳು. "ಗೋಪಾಲಗೌಡರು ಇನ್ನಷ್ಟು ವರ್ಷ ಬದುಕಿದ್ದರೆ ಇವರನ್ನೆಲ್ಲ ಕಟ್ಟಿಹಾಕುತ್ತಿದ್ದರೋ, ಇವರೇ ಅವರನ್ನು ಒಂಟಿ ಮಾಡುತ್ತಿದ್ದರೋ" ಎಂದು ತಾನೇ ಹೇಳಿಕೊಂಡಳು. ಅದಕ್ಕೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಬಲಗಡೆಯ ಪುಟ ತುಂಬಲು ಹೊತ್ತು ಹಿಡಿಯಿತು. ಮುಖ್ಯಮಂತ್ರಿಯಾಗಿದ್ದ ಎರಡು ವರ್ಷದಲ್ಲಿ ಬಡವರ ಮನೆಗೆ ಆಶ್ರಯ, ಕುಶಲಕರ್ಮಿಗಳಿಗೆ ವಿಶ್ವ, ಹಳ್ಳಿಯ ದೇವಸ್ಥಾನಗಳ ದುರಸ್ತಿಗೆ ಆರಾಧನಾ. ರೈತರ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು. ಹಳ್ಳಿಯಲ್ಲಿ ಓದಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಕೃಪಾಂಕ, ಅದು ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1991ರ ಜುಲೈನಲ್ಲಿ ಕಾವೇರಿಯ ಮಧ್ಯಂತರ ತೀರ್ಪನ್ನು ಒಪ್ಪದೆ ಸುಗ್ರೀವಾಜ್ಞೆ ಹೊರಡಿಸಿದ್ದೂ ಅವರೇ, ಅದನ್ನೂ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅವರ ಮೇಲೆ ಆರೋಪಗಳು ಬಂದವು, ಖಟ್ಲೆಗಳು ನಡೆದವು, ಅದನ್ನೂ ಬರೆದುಕೊಂಡೆ. ಡೊಳ್ಳು ಕಟ್ಟಿಕೊಂಡು ಕುಣಿಯುತ್ತಿದ್ದ, ಷಟಲ್ ಆಡುತ್ತಿದ್ದ ಚಿತ್ರಗಳನ್ನು ಮಗ ಕತ್ತರಿಸಿ ಅಂಟಿಸಿದ.

ಇವೆಲ್ಲ ಪತ್ರಿಕೆಯಲ್ಲಿ ಬಂದ ಸಂಗತಿಗಳು. ಒಂದು ಸಂಗತಿಯ ಅರ್ಥ ಮಾತ್ರ ನನಗೆ ತಿಳಿದದ್ದು ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನಿಂದ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಆಕೆ ಆಡುವ ಮಾತು ಯಾವ ಪತ್ರಿಕೆಗೂ ಕಡಿಮೆಯಿರಲಿಲ್ಲ. ಅವಳ ಗಂಡನ ಮನೆಯವರು ಎರಡು ತಲೆಮಾರಿನಿಂದ ಸರ್ಕಾರಿ ಜಾಗದಲ್ಲಿ ಒಂದೆಕರೆ ಚಿಲ್ಲರೆ ಗದ್ದೆ ಮಾಡಿಕೊಂಡಿದ್ದರು. ಬಗರ್‌ಹುಕುಂ ಎಂದರೆ ಹಾಗೇ ಅಲ್ಲವೆ, ಉಳುವವರು ಇವರು, ಕಾಗದದಲ್ಲಿ ನೆಲ ಸರ್ಕಾರದ್ದು. ಯಾವಾಗ ಬೇಕಾದರೂ ಎಬ್ಬಿಸಬಹುದು, ಎಬ್ಬಿಸಬಾರದೆಂದರೆ ಯಾರದ್ದಾದರೂ ಕಾಲು ಹಿಡಿಯಬೇಕು. 1991ರಲ್ಲಿ ಬಂಗಾರಪ್ಪನವರ ಸರ್ಕಾರದ ಕಾಲದಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. 1990ರ ಏಪ್ರಿಲ್ 14ಕ್ಕೆ ಮೊದಲಿನಿಂದ ಉಳುತ್ತಿದ್ದವರು ನಮೂನೆ 50ರಲ್ಲಿ ಅರ್ಜಿ ಕೊಟ್ಟರೆ ಸಕ್ರಮ ಮಾಡಿಕೊಡುವುದೆಂದಾಯಿತು. ಅವಳ ಗಂಡನಿಗೆ ಆ ಅರ್ಜಿ ತುಂಬಿಕೊಟ್ಟದ್ದು ನನ್ನ ಯಜಮಾನರೇ. ಮಾವನವರು ಒಳಗೆ ಕೂತು ಕೇಳಿಸಿಕೊಂಡರೂ ಬೇಡವೆನ್ನಲಿಲ್ಲ.

ಅರ್ಜಿ ಕೊಟ್ಟದ್ದು ಆಯಿತು, ಅದು ಅಲೆಯಿತು. ಸಾಗುವಳಿ ಚೀಟಿ ಕೈಗೆ ಬರುವ ಹೊತ್ತಿಗೆ ಅವಳ ಗಂಡ ಇರಲಿಲ್ಲ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದು ನನಗೆ ತೋರಿಸಿದ ದಿನ ಆಕೆ ಅಳಲಿಲ್ಲ. "ಅಮಾ, ಅವ್ರು ಯಾವ ಪಾರ್ಟೀಲಾರೂ ಇರ್ಲಿ, ನಮ್ ಗದ್ದೆ ಮಾತು ಬಿಟ್ಟಿಲ್ಲ" ಎಂದಳು. ನಾನು ಎಡಗಡೆಯ ಪುಟದಲ್ಲಿ ಪಕ್ಷಗಳನ್ನು ಎಣಿಸುತ್ತಿದ್ದೆ. ಆಕೆ ಒಂದೇ ಪ್ರಶ್ನೆ ಹಿಡಿದು, ಆ ಮನುಷ್ಯ ಪ್ರತಿ ಸಲವೂ ಆ ಪ್ರಶ್ನೆಯ ಯಾವ ಪಕ್ಕದಲ್ಲಿ ನಿಂತ ಎಂದು ನೋಡುತ್ತಿದ್ದಳು. ಅಪ್ಪಯ್ಯ ಮುಳುಗಡೆಯ ಪ್ರಶ್ನೆ ಕೇಳುತ್ತಿದ್ದದ್ದೂ ಹಾಗೆಯೇ. ಓದು ಬರಹವಿದ್ದ ನಮ್ಮ ಮಂಡಲಿಯಲ್ಲಿ ಹೀಗೆ ನೋಡಿದವರು ಒಬ್ಬರೂ ಇರಲಿಲ್ಲ.

ಆಮೇಲಿನ ಹತ್ತು ವರ್ಷ ನನ್ನ ಪುಸ್ತಕಕ್ಕೆ ಕೈತುಂಬ ಕೆಲಸ. ಸೋಲಿಲ್ಲದ ಸರದಾರನೆಂದು ಕರೆಸಿಕೊಂಡಿದ್ದವರು 1998ರಲ್ಲಿ ಭಾರತೀಯ ಜನತಾ ಪಕ್ಷದ ಆಯನೂರು ಮಂಜುನಾಥರ ಎದುರು ಸೋತರು. 1999ರಲ್ಲಿ ಕಾಂಗ್ರೆಸ್ಸಿಗೆ ಮರಳಿ ಗೆದ್ದರು. 2004ರಲ್ಲಿ, ಬದುಕಿಡೀ ಯಾವ ಪಕ್ಷದ ಎದುರು ಮಾತಾಡಿದ್ದರೋ ಆ ಭಾರತೀಯ ಜನತಾ ಪಕ್ಷವನ್ನೇ ಸೇರಿ ಕಮಲದ ಗುರುತಿನಲ್ಲಿ ಗೆದ್ದರು. ನಮ್ಮ ಬೀದಿಯಲ್ಲಿ ಆಗ ನಡೆದ ತಮಾಷೆಯನ್ನು ಏನು ಹೇಳಲಿ! ನಿನ್ನೆಯವರೆಗೆ ಅವರ ಹೆಸರು ಕೇಳಿದರೆ ಸಿಡಿಯುತ್ತಿದ್ದವರು ಜೈಕಾರ ಹಾಕಿದರು, ಜೈಕಾರ ಹಾಕುತ್ತಿದ್ದವರು ಬಾಗಿಲು ಮುಚ್ಚಿಕೊಂಡರು. ನಮ್ಮ ಅತ್ತೆಗೆ ಓಟು ಎಂದರೆ ಚಿಹ್ನೆ. ಕೈ ಎಂದರೆ ಕೈ. "ಕೈಯಲ್ಲಿದ್ದವರು ಹೂವಿಗೆ ಬಂದರಂತೆ, ಹೂವು ಬಾಡುವುದರೊಳಗೆ ಇನ್ನೆಲ್ಲಿಗೊ" ಎಂದರು. ಅತ್ತೆಯ ಬಾಯಿ ಹರಕೆಯೆನ್ನಿ, ಒಂದು ವರ್ಷ ತುಂಬುವುದರೊಳಗೆ ಅವರು ಆ ಪಕ್ಷ ಬಿಟ್ಟು ಸೈಕಲ್ ಗುರುತಿನ ಸಮಾಜವಾದಿ ಪಕ್ಷ ಸೇರಿದರು.

ಇಲ್ಲಿ ಒಂದು ಮಾತು ಹೇಳಬೇಕು. 1985ರಲ್ಲಿ ಬಂದ ಪಕ್ಷಾಂತರ ಕಾಯ್ದೆಯ ಪ್ರಕಾರ ಗೆದ್ದ ಪಕ್ಷ ಬಿಟ್ಟವರು ಸ್ಥಾನ ಕಳೆದುಕೊಳ್ಳಬೇಕು. ಬಂಗಾರಪ್ಪನವರು ರಾಜೀನಾಮೆ ಕೊಟ್ಟು 2005ರಲ್ಲಿ ಉಪಚುನಾವಣೆಗೆ ನಿಂತು, ಅದೇ ಜನರ ಮುಂದೆ ಹೊಸ ಚಿಹ್ನೆ ಹಿಡಿದು ಮತ್ತೆ ಗೆದ್ದರು. ಕೊಟ್ಟ ಸೀರೆ ಹಿಂತಿರುಗಿಸಿ ಬೇರೆ ಸಂಬಂಧ ಕೇಳುವುದು ಬೇರೆ, ಸೀರೆಯನ್ನೂ ಇಟ್ಟುಕೊಂಡು ಇನ್ನೊಂದು ಮನೆಗೆ ಹೋಗುವುದು ಬೇರೆ. ಆ ಮಟ್ಟಿಗೆ ಅವರಿಗೊಂದು ಅಂಕ ಕೊಟ್ಟೆ. ಆದರೆ ಆ ಚುನಾವಣೆಯ ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂದು ಯಜಮಾನರು ಕೇಳಿದ್ದನ್ನೂ ಕೆಳಗೆ ಬರೆದಿಟ್ಟೆ.

2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ಸೋಲು. 2009ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ ಲೋಕಸಭೆಗೆ ನಿಂತು ಬಿ.ವೈ. ರಾಘವೇಂದ್ರರ ಎದುರು ಸೋಲು. ಆ ಸಲ ಓಟು ಹಾಕಿ ಬರುವಾಗ ನಮ್ಮ ತೋಟದ ಹೆಂಗಸು ದಾರಿಯಲ್ಲಿ ಸಿಕ್ಕಿದಳು. ವಯಸ್ಸಾಗಿತ್ತು, ಕೆಲಸಕ್ಕೆ ಬರುವುದು ಬಿಟ್ಟಿದ್ದಳು. ನಾನು ಕೇಳದೆಯೇ ಹೇಳಿದಳು: "ಈ ಸಲ ಹಾಕ್ಲಿಲ್ಲ ಅಮಾ. ಗದ್ದೆ ಋಣ ಹೂವಿನ ಸಲ, ಸೈಕಲ್ ಸಲ ತೀರಿಸ್ದೆ. ನನ್ ಮಗಂಗೆ ಈಗ ಕೆಲ್ಸ ಬೇಕು. ಅದ್ರ ಮಾತು ಯಾರೂ ಆಡ್ಲಿಲ್ಲ." ಯಾರಿಗೆ ಹಾಕಿದಳೆಂದು ನಾನು ಕೇಳಲಿಲ್ಲ. ಉಪಕಾರ ಮರೆಯದೆ, ಅದಕ್ಕೆ ಬದುಕಿಡೀ ಜೀತವನ್ನೂ ಮಾಡದೆ, ಲೆಕ್ಕ ಮುಗಿಸಿ ಹೊಸ ಲೆಕ್ಕ ತೆರೆದ ಆಕೆಯ ರೀತಿ ನನಗೆ ಇವತ್ತಿಗೂ ಬೆರಗು.

ಬಂಗಾರಪ್ಪನವರು ಜಾತ್ಯತೀತ ಜನತಾದಳ ಸೇರಿ ಒಂದು ವರ್ಷಕ್ಕೆ, 2011ರ ಡಿಸೆಂಬರ್ 26ರಂದು ತೀರಿಕೊಂಡರು. ಪುಸ್ತಕ ಮುಚ್ಚಬಹುದೆಂದುಕೊಂಡೆ. ಎಲ್ಲಿ ಮುಚ್ಚುವುದು? 2004ರಲ್ಲೇ ಸೊರಬದಲ್ಲಿ ಅವರ ಇಬ್ಬರು ಗಂಡುಮಕ್ಕಳು ಎದುರುಬದುರು ನಿಂತಿದ್ದರು. 2018ರಲ್ಲಿ ಕುಮಾರ್ ಕಮಲದಿಂದ ಗೆದ್ದರು, 2023ರಲ್ಲಿ ಮಧು ಕಾಂಗ್ರೆಸ್ಸಿನಿಂದ ಗೆದ್ದು ಮಂತ್ರಿಯಾದರು. ಮಗಳು ಗೀತಾ ಶಿವರಾಜಕುಮಾರ್ 2014ರಲ್ಲಿ ಜನತಾದಳದಿಂದ, 2024ರಲ್ಲಿ ಕಾಂಗ್ರೆಸ್ಸಿನಿಂದ ನಮ್ಮ ಲೋಕಸಭಾ ಕ್ಷೇತ್ರಕ್ಕೆ ನಿಂತು ಎರಡು ಸಲವೂ ಸೋತರು. ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರನ್ನು 2004 ಮತ್ತು 2008ರಲ್ಲಿ ಕಮಲದಿಂದ ಸೋಲಿಸಿದ ಬೇಳೂರು ಗೋಪಾಲಕೃಷ್ಣ ಅವರು 2023ರಲ್ಲಿ ಕೈಯಿಂದ ಗೆದ್ದರು. ನನ್ನ ತವರಿನ ಹೊಸನಗರಕ್ಕಂತೂ ಈಗ ಸ್ವಂತ ವಿಧಾನಸಭಾ ಕ್ಷೇತ್ರವೇ ಇಲ್ಲ. 2008ರ ಮರುವಿಂಗಡಣೆಯಲ್ಲಿ ಅರ್ಧ ಸಾಗರಕ್ಕೆ, ಅರ್ಧ ತೀರ್ಥಹಳ್ಳಿಗೆ ಹಂಚಿಹೋಯಿತು. ಅಭ್ಯರ್ಥಿಗಳು ಪಕ್ಷ ಬದಲಿಸಿದರೆ, ನಮ್ಮವರು ಕೂತಲ್ಲೇ ಕ್ಷೇತ್ರ ಬದಲಾದರು!

ಈಗಿನ ಹುಡುಗಿಯರಿಗೆ ನನ್ನಂತೆ ದಿನಸಿ ಕಾಗದ ಹೆಕ್ಕುವ ಕಷ್ಟವಿಲ್ಲ. ಸುಪ್ರೀಂ ಕೋರ್ಟು 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಓದು, ಆಸ್ತಿ, ಸಾಲ, ಮೇಲಿರುವ ಖಟ್ಲೆಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಹೆಂಡತಿಯ ಬಂಗಾರ ಎಷ್ಟೆಂಬುದೂ ಅದರಲ್ಲಿರುತ್ತದೆ. ಯಾರು ಬೇಕಾದರೂ ನೋಡಬಹುದು, ನಮ್ಮ ಮಂಡಲಿಯವರು ಮೊದಲು ಓದುವುದು ಆ ಬಂಗಾರದ ಕಲಮನ್ನೇ ಎಂಬುದು ಬೇರೆ ಮಾತು. ಆದರೆ ಹಿಂದೆ ಯಾವ ಯಾವ ಪಕ್ಷದಲ್ಲಿದ್ದೆ, ಏಕೆ ಬಿಟ್ಟೆ, ಬಿಟ್ಟಾಗ ನನ್ನನ್ನು ನಂಬಿದವರಿಗೆ ಏನಾಯಿತು ಎಂಬ ಕಲಮು ಅದರಲ್ಲಿಲ್ಲ. ಅದನ್ನು ನಾವೇ ತುಂಬಿಕೊಳ್ಳಬೇಕು.

ಅದಕ್ಕೆ ದೊಡ್ಡ ಓದೇನೂ ಬೇಡ. ನಿಮ್ಮ ಮನೆಗೆ ನಿಜವಾಗಿ ತಟ್ಟುವ ಒಂದು ಪ್ರಶ್ನೆ ಆರಿಸಿಕೊಳ್ಳಿ. ನೆಲದ ಕಾಗದವೋ, ಊರಿನ ಆಸ್ಪತ್ರೆಯೋ, ಮಗಳು ಕಾಲೇಜಿಗೆ ಹೋಗುವ ಬಸ್ಸೋ. ಬಂದ ಮನುಷ್ಯ ಹಿಂದಿನ ಪಕ್ಷದಲ್ಲಿದ್ದಾಗ ಅದರ ಬಗ್ಗೆ ಏನು ಹೇಳಿದ್ದ, ಈ ಪಕ್ಷಕ್ಕೆ ಬಂದು ಏನು ಹೇಳುತ್ತಾನೆ, ಎರಡನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮಾತು ಒಂದೇ ಆಗಿದ್ದರೆ ಚಿಹ್ನೆ ಬದಲಾದದ್ದನ್ನು ಸ್ವಲ್ಪ ಕ್ಷಮಿಸಬಹುದು. ಮಾತೂ ಬದಲಾಗಿದ್ದರೆ ಕಾರಣ ಕೇಳಬಹುದು. ಚಿಹ್ನೆ ಬದಲಾಗದೆ ಮಾತು ಮಾತ್ರ ಬದಲಾಗಿರುವವರೂ ಇರುತ್ತಾರೆ, ಅವರ ಕಡೆಗೂ ಒಂದು ಕಣ್ಣಿರಲಿ.

ಕಳೆದ ಸಲ, 2024ರಲ್ಲಿ, ಓಟಿನ ಹಿಂದಿನ ರಾತ್ರಿ ಸೊಸೆ ಆ ಹಳೆಯ ಪುಸ್ತಕವನ್ನು ತಿರುವಿಹಾಕುತ್ತ, "ಅತ್ತೆ, ಇಷ್ಟೆಲ್ಲ ಬರೆದಿದ್ದೀರಿ, ನೀವು ಅವರಿಗೆ ಎಷ್ಟು ಸಲ ಓಟು ಹಾಕಿದಿರಿ ಅಂತ ಮಾತ್ರ ಎಲ್ಲೂ ಇಲ್ಲವಲ್ಲ" ಎಂದಳು. ಪಕ್ಕದಲ್ಲಿ ಕೂತಿದ್ದ ಯಜಮಾನರೂ ಪತ್ರಿಕೆಯಿಂದ ತಲೆಯೆತ್ತಿದರು. ಮೂವತ್ತು ವರ್ಷದಿಂದ ಅವರಿಗೂ ಅದೇ ಕುತೂಹಲವಿತ್ತೆಂದು ಕಾಣುತ್ತದೆ. ನಾನು ಹಾಲಿಗೆ ಹೆಪ್ಪು ಹಾಕಬೇಕೆಂದು ಎದ್ದು ಒಳಗೆ ಹೋದೆ.